ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ) ನಾವೇ ಮಾಡಿಕೊಳ್ಳೋದಾ, ಏಜೆನ್ಸಿಗೆ ಕೊಡೋದಾ? ಅನುಭವ ಇದ್ದವರು ಹೇಳಿ

ಶಿರಸಿ, ಉಪ್ಪಿನಕಾಯಿ ವ್ಯಾಪಾರ:
ನಮ್ಮದು ಮನೆಯಲ್ಲೇ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ, ಜೊತೆಗೆ ಜೇನುತುಪ್ಪ. ವೆಬ್‌ಸೈಟ್ ಇದೆ, ಆದರೆ ಗೂಗಲ್‌ನಲ್ಲಿ ಹುಡುಕಿದರೆ ಎಲ್ಲೂ ಕಾಣುವುದಿಲ್ಲ. ಬೆಂಗಳೂರಿನ ಒಂದು ಏಜೆನ್ಸಿಯವರು ತಿಂಗಳಿಗೆ 15,000, ಅದರ ಮೇಲೆ ಜಿಎಸ್‌ಟಿ, ಕನಿಷ್ಠ ಆರು ತಿಂಗಳ ಕರಾರು ಅಂತಿದ್ದಾರೆ. ಕೊಡಬಹುದಾ? ಅಥವಾ ನಾವೇ ಕಲಿತು ಮಾಡಬಹುದಾ?

ಹುಬ್ಬಳ್ಳಿ, ಫರ್ನಿಚರ್ ಅಂಗಡಿ:
ಕೊಡಲೇಬೇಡಿ ಮೇಡಂ. ನಮ್ಮ ಕಥೆ ಕೇಳಿ. ತಿಂಗಳಿಗೆ 12,000. ಬ್ಯಾಕ್‌ಲಿಂಕ್ ಪ್ಯಾಕೇಜ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್ ಹಾಕಿಸುವುದು) ಅಂತ ಬೇರೆ 35,000. ಬ್ಲಾಗ್ ಒಂದಕ್ಕೆ 1,500. ಆ ಬ್ಲಾಗ್‌ನಲ್ಲಿ ಏನಿತ್ತು ಗೊತ್ತಾ? ಹಿಮ ಬೀಳುವ ತಿಂಗಳಲ್ಲಿ ಲೆದರ್ ಸೋಫಾ ಹೇಗೆ ನೋಡಿಕೊಳ್ಳಬೇಕು ಅಂತ. ಹುಬ್ಬಳ್ಳಿಯಲ್ಲಿ ಹಿಮ ಯಾವಾಗ ಬಿದ್ದಿತ್ತು ರೀ? ಎಲ್ಲಿಂದಲೋ ಎತ್ತಿ ಹಾಕಿದ್ದು. ಲಿಂಕ್‌ಗಳೆಲ್ಲ ಯಾವುದೋ ದೇಶದ ಜೂಜಿನ ಸೈಟ್‌ಗಳಿಂದ. ಕೊನೆಗೆ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆ್ಯಕ್ಷನ್, ಅಂದರೆ ನಿಯಮ ಮುರಿದಿದ್ದಕ್ಕೆ ಗೂಗಲ್ ಕೊಡುವ ಶಿಕ್ಷೆ, ಬಂತು, ಇದ್ದಬದ್ದ ಜಾಗವೂ ಹೋಯಿತು. ದುಡ್ಡು ನಿಲ್ಲಿಸಿದೆವು, ಮರುದಿನ ಸೈಟೇ ಬಂದ್. ಡೊಮೇನ್ (ಸೈಟ್‌ನ ವಿಳಾಸ) ಅವರ ಇಮೇಲ್‌ನಲ್ಲಿ, ಹೋಸ್ಟಿಂಗ್ (ಸೈಟ್ ಇಡುವ ಜಾಗ) ಅವರದು, ಮ್ಯಾಪ್‌ನಲ್ಲಿರುವ ಅಂಗಡಿಯ ಪ್ರೊಫೈಲ್ ಕೂಡ ಅವರದೇ ಜಿಮೇಲ್‌ನಲ್ಲಿ. ಡೊಮೇನ್ ಬಿಟ್ಟುಕೊಡಲು 40,000 ಕೇಳಿದರು. ನಾನು ಕೊಡಲಿಲ್ಲ, ಕೊಡುವುದೂ ಇಲ್ಲ. ಪ್ರೊಫೈಲ್ ಮಾತ್ರ ಮಾಲೀಕತ್ವದ ರಿಕ್ವೆಸ್ಟ್ ಹಾಕಿ ವಾಪಸ್ ತಗೊಂಡೆವು. ಹಳೇ ಓನರ್ ಮೂರು ದಿನದಲ್ಲಿ ಉತ್ತರ ಕೊಡದಿದ್ದರೆ ನಾವೇ ಕ್ಲೇಮ್ ಮಾಡಲು ಗೂಗಲ್ ದಾರಿ ಕೊಡುತ್ತದೆ.

ಪೀಣ್ಯ, ಸಿಎನ್‌ಸಿ ಜಾಬ್ ವರ್ಕ್:
ಒಬ್ಬರು ಮೋಸ ಮಾಡಿದರೆ ಇಡೀ ಕಸುಬೇ ಕೆಟ್ಟದ್ದಾ? ನಾವು ಕಂಪ್ಯೂಟರ್‌ನಿಂದ ನಡೆಯುವ ಮಷೀನ್‌ನಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರು. ತಿಂಗಳಿಗೆ 25,000 ಪ್ಲಸ್ 18% ಜಿಎಸ್‌ಟಿ ಕೊಡುತ್ತಿದ್ದೇವೆ, ಒಂದು ರೂಪಾಯಿಯೂ ವೇಸ್ಟ್ ಅಲ್ಲ. ಬಂದವರು ಮೊದಲು ನೋಡಿದ್ದು ವರ್ಡ್‌ಪ್ರೆಸ್ (ನಮ್ಮ ಸೈಟ್ ಕಟ್ಟಿದ ಸಾಫ್ಟ್‌ವೇರ್) ಸೆಟ್ಟಿಂಗ್. ಸರ್ಚ್ ಇಂಜಿನ್‌ಗಳು ಈ ಸೈಟ್ ತೋರಿಸುವುದು ಬೇಡ ಅನ್ನುವ ಟಿಕ್ ಅಲ್ಲಿ ಹಾಗೇ ಇತ್ತು. ಸೈಟ್ ಕಟ್ಟಿದ ಹುಡುಗ ಟೆಸ್ಟಿಂಗ್‌ಗೆ ಹಾಕಿ ತೆಗೆಯದೇ ಹೋಗಿದ್ದ. ಆಮೇಲೆ ನಮ್ಮ ಸೂಪರ್‌ವೈಸರ್ ಪಕ್ಕ ಕೂತು ಯಾವ ಮೆಟೀರಿಯಲ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ), ಯಾವ ಮಷೀನ್ ಅಂತೆಲ್ಲ ಕೇಳಿ ಬರೆದುಕೊಂಡರು. ಒಂದೊಂದು ಥರದ ಕಾಂಪೊನೆಂಟ್‌ಗೆ ಒಂದೊಂದು ಪುಟ, ನಮ್ಮದೇ ಫೋಟೊ. ಮೊದಲ ಐದು ತಿಂಗಳು ಒಂದೇ ಒಂದು ಎನ್‌ಕ್ವೈರಿ ಇಲ್ಲ. ನಮ್ಮ ತಮ್ಮ ದಿನಾ ಜಗಳ, ಈ ದುಡ್ಡಲ್ಲಿ ಟೂಲ್ ತರಬಹುದಿತ್ತು ಅಂತ. ಎಸ್‌ಇಒ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್ಲೇ ಹೇಳುತ್ತದೆ. ತಡೆದುಕೊಂಡೆವು. ಈಗ ಪುಣೆ, ಕೊಯಮತ್ತೂರಿನಿಂದ ಡ್ರಾಯಿಂಗ್ ಬರುತ್ತಿವೆ. ಒಂದು ಆರ್ಡರ್‌ನಲ್ಲೇ ವರ್ಷದ ಫೀ ಹುಟ್ಟಿತು. ಜಿಎಸ್‌ಟಿಯೂ ಇನ್‌ಪುಟ್‌ನಲ್ಲಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ವಾಪಸ್.

ಕಕ್ಕಬ್ಬೆ, ಹೋಮ್‌ಸ್ಟೇ:
ತಿಂಗಳಿಗೆ 25,000 ನಮ್ಮಂಥವರು ಮಳೆಗಾಲದಲ್ಲಿ ಎಲ್ಲಿಂದ ತರೋದು? ಎಲ್ಲಾ ನಾನೇ ಮಾಡಿದ್ದು. ‘ಕೂರ್ಗ್ ಹೋಮ್‌ಸ್ಟೇ’ ಅಂತ ಹುಡುಕಿದರೆ ಮೊದಲ ಪುಟ ಪೂರ್ತಿ ದೊಡ್ಡ ಬುಕಿಂಗ್ ಕಂಪನಿಗಳು, ಅಲ್ಲಿ ನಾವು ನುಸುಳೋಕೆ ಆಗಲ್ಲ. ಹಾಗಾಗಿ ನಾನು ನಮ್ಮ ಹತ್ತಿರದ ತಡಿಯಂಡಮೋಳ್ ಬೆಟ್ಟಕ್ಕೆ ಟ್ರೆಕ್ ಮಾಡುವವರನ್ನು ಹಿಡಿದೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು, ಜಿಗಣೆಗೆ ಏನು ಮಾಡಬೇಕು, ಕಾರು ಎಲ್ಲಿ ನಿಲ್ಲಿಸಬೇಕು ಅಂತ ಬರೆದು ಹಾಕಿದೆ. 4 ಎಂಬಿ ಫೋಟೊಗಳನ್ನೆಲ್ಲ 200 ಕೆಬಿಗೆ ಇಳಿಸಿದೆ, ನಮ್ಮ ಕಡೆ ನೆಟ್‌ವರ್ಕ್‌ಗೆ ಅದು ಬೇಕೇ ಬೇಕು. ಮಧ್ಯೆ 2024ರ ಮಾರ್ಚ್‌ನಲ್ಲಿ ಗೂಗಲ್ ಪ್ರೊಫೈಲ್ ಜೊತೆ ಕೊಡುತ್ತಿದ್ದ ಫ್ರೀ ವೆಬ್‌ಸೈಟ್‌ಗಳನ್ನು ಮುಚ್ಚಿಬಿಟ್ಟಿತು. ನಮ್ಮದೂ ಹೋಯಿತು. ಮತ್ತೆ ಮೊದಲಿಂದ ಕಟ್ಟಿದೆ. ಡೊಮೇನ್, ಹೋಸ್ಟಿಂಗ್ ಸೇರಿ ವರ್ಷಕ್ಕೆ 4,200, ಅಷ್ಟೇ. ಹೋಗುವ ಗೆಸ್ಟ್‌ಗಳಿಗೆ ರಿವ್ಯೂ ಬರೆದರೆ ನಮ್ಮ ತೋಟದ ಕಾಫಿಪುಡಿ ಒಂದು ಪ್ಯಾಕೆಟ್. ಯಾವ ಏಜೆನ್ಸಿ ಬೇಕು ಹೇಳಿ?

ಮೈಸೂರು, ಎಸ್‌ಇಒ ಕೆಲಸ ಮಾಡುವವನು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಹುಬ್ಬಳ್ಳಿಯ ಸರ್, ನಿಮಗೆ ಆಗಿದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ 12,000ದಲ್ಲಿ ಏನು ಸಿಗುತ್ತದೆ ಅಂದುಕೊಂಡಿದ್ದೀರಿ? ಟೂಲ್‌ಗಳಿಗೆ ನಾವು ಡಾಲರ್‌ನಲ್ಲಿ ಕಟ್ಟಬೇಕು. ಒಳ್ಳೆ ಕನ್ನಡ, ಇಂಗ್ಲಿಷ್ ಬರೆಯುವವರಿಗೆ ಕೊಡಬೇಕು. ಅಂಗಡಿಯ ನಾಲ್ಕು ಫೋಟೊ ಕಳಿಸಿ ಅಂದರೆ ಗ್ರಾಹಕರು ತಿಂಗಳುಗಟ್ಟಲೆ ಕಳಿಸುವುದಿಲ್ಲ, ರ‍್ಯಾಂಕ್ ಮಾತ್ರ ವಾರದಲ್ಲಿ ಬೇಕು. ಹೋಮ್‌ಸ್ಟೇಯವರೇ, ರಿವ್ಯೂಗೆ ಬದಲಾಗಿ ಏನೇ ಕೊಟ್ಟರೂ ಅದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಇರುವ ರಿವ್ಯೂಗಳೂ ಹೋಗಬಹುದು. ಎಲ್ಲಾ ನಾನೇ ಮಾಡಿದೆ ಅನ್ನುವವರಿಗೆ ಇದು ಗೊತ್ತಿರಬೇಕಿತ್ತು ಅಲ್ವಾ?

ಕಕ್ಕಬ್ಬೆ, ಹೋಮ್‌ಸ್ಟೇ:
ಕಾಫಿಪುಡಿ ಬರೆಯದವರಿಗೂ ಕೊಡುತ್ತೇವೆ. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ನಮ್ಮ ಕಡೆ ಇಲ್ಲ. ನೀವು ನಿಮ್ಮವರು ಮಾರುವ 50 ರಿವ್ಯೂ ಪ್ಯಾಕೇಜ್ ಬಗ್ಗೆ ಮಾತಾಡಿ ಮೊದಲು.

ಮೈಸೂರು, ಎಸ್‌ಇಒ ಕೆಲಸ ಮಾಡುವವನು:
‘ನಿಮ್ಮವರು’ ಅಂದರೆ ಯಾರು? ನಾನು ಒಂದೂ ರಿವ್ಯೂ ಮಾರಿಲ್ಲ. ಮೊದಲ ಸ್ಥಾನ ಗ್ಯಾರಂಟಿ ಅಂತಲೂ ಯಾರಿಗೂ ಬರೆದುಕೊಟ್ಟಿಲ್ಲ. ಯಾರೂ ಕೊಡೋಕೆ ಆಗಲ್ಲ ಅದನ್ನ.

ಹುಬ್ಬಳ್ಳಿ, ಫರ್ನಿಚರ್ ಅಂಗಡಿ:
ನಮಗೆ ಬರೆದುಕೊಟ್ಟಿದ್ದರು, ಲೆಟರ್‌ಹೆಡ್ ಮೇಲೆ! ಇನ್ನೂ ಫೈಲ್‌ನಲ್ಲಿದೆ. ಟೂಲ್ ಡಾಲರ್‌ನಲ್ಲಿ ಅಂತ ನನಗೆ ಹೇಳಬೇಡಿ, ನಮ್ಮ ಪ್ಲೈವುಡ್ ರೇಟೂ ಏರಿದೆ. ಹಾಗಂತ ನಾನು ತೇಗ ಅಂತ ಹೇಳಿ ಪಾರ್ಟಿಕಲ್ ಬೋರ್ಡ್ ಕೊಡುತ್ತೀನಾ?

ಇಳಕಲ್, ಸೀರೆ ನೇಯ್ಗೆ ಮತ್ತು ಮಾರಾಟ:
ಇಷ್ಟೆಲ್ಲಾ ಯಾಕೆ ಅಂತ ನನಗೆ ಅರ್ಥವೇ ಆಗುತ್ತಿಲ್ಲ. ನಾವು ಸೈಟ್‌ಗೆ 60,000 ಹಾಕಿದೆವು, ಒಂದು ಸೀರೆಯೂ ಅದರಿಂದ ಹೋಗಲಿಲ್ಲ. ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಟೋಪ್ ತೆನಿ ಸೆರಗಿನ ಫೋಟೊ ಹಾಕಿದರೆ ಅರ್ಧ ಗಂಟೆಯಲ್ಲಿ ಯಾರಾದರೂ ಕೇಳುತ್ತಾರೆ. ಗೂಗಲ್ ಬಿಟ್ಟುಬಿಡಿ ಅಕ್ಕ.

ಪೀಣ್ಯ, ಸಿಎನ್‌ಸಿ ಜಾಬ್ ವರ್ಕ್:
ನಿಮ್ಮ ನಂಬರ್ ಇದ್ದವರಿಗೆ ಮಾತ್ರ ವಾಟ್ಸಾಪ್. ನಂಬರ್ ಇಲ್ಲದವರು ಹೇಗೆ ಬರುತ್ತಾರೆ? ಶಿರಸಿ ಮೇಡಂ, ಆರು ತಿಂಗಳಿಗೆ 90,000, ಜಿಎಸ್‌ಟಿ 16,200, ಒಟ್ಟು 1,06,200. ಇನ್‌ಪುಟ್ ಕಳೆದರೆ ದೊಡ್ಡ ಹೊರೆ ಏನಲ್ಲ.

ಕಕ್ಕಬ್ಬೆ, ಹೋಮ್‌ಸ್ಟೇ:
ಮತ್ತೆ ಇನ್‌ಪುಟ್! ರಿಜಿಸ್ಟ್ರೇಷನ್ ಇಲ್ಲದವರಿಗೆ, ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಯೋಜನೆ) ಇರುವವರಿಗೆ ಇನ್‌ಪುಟ್ ಎಲ್ಲಿಂದ ಬರುತ್ತದೆ? 16,200 ಪೂರ್ತಿ ಕೈಯಿಂದಲೇ ಹೋಗುತ್ತದೆ. ಆ ದುಡ್ಡಿಗೆ ಎಷ್ಟು ಬಾಟಲಿ ಉಪ್ಪಿನಕಾಯಿ ಮಾರಬೇಕು ಅಂತ ಲೆಕ್ಕ ಹಾಕಿದ್ದೀರಾ?

ಪೀಣ್ಯ, ಸಿಎನ್‌ಸಿ ಜಾಬ್ ವರ್ಕ್:
ಮೇಡಂ ಕಾಂಪೋಸಿಷನ್‌ನಲ್ಲಿದ್ದಾರೆ ಅಂತ ನಿಮಗೆ ಹೇಳಿದ್ದು ಯಾರು?

ಶಿರಸಿ, ಉಪ್ಪಿನಕಾಯಿ ವ್ಯಾಪಾರ:
ಕಾಂಪೋಸಿಷನ್‌ನಲ್ಲಿ ಇಲ್ಲ, ರೆಗ್ಯುಲರ್ ರಿಜಿಸ್ಟ್ರೇಷನ್. ಪೀಣ್ಯದ ಸರ್ ಹೇಳಿದ ಟಿಕ್ ಈಗ ನೋಡಿದೆ. ನಮ್ಮ ಸೈಟ್‌ನಲ್ಲೂ ಅದು ಹಾಗೇ ಇದೆ.