ಹನಿ ಇಟ್ಟರೆ ಹಾಳೆ ಅರ್ಧ ಮಡಚಿ ಬಿಚ್ಚಿಕೊಳ್ಳುತ್ತಿದೆ, ಮಾಡಿ ನೋಡಿದವರು ಹೇಳಿ

ಕುಂಬಳೆ: ಎಂ.ಎಸ್ಸಿ. ಪ್ರಾಜೆಕ್ಟ್. ತ್ರಿಕೋನದ ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಹಾಳೆ, ಬದಿ 5 ಮಿ.ಮೀ., ದಪ್ಪ 80 ಮೈಕ್ರಾನ್. ನೀರಹನಿ ಇಟ್ಟರೆ ಮೂಲೆಗಳು ಏಳುತ್ತವೆ, ಪಿರಮಿಡ್ ಆಗುವ ಮೊದಲೇ ಮಲಗುತ್ತವೆ. ಹನಿಯಲ್ಲಿ ಪಿವಿಎ (ನೀರಲ್ಲಿ ಕರಗುವ ಪ್ಲಾಸ್ಟಿಕ್) ಬೆರೆಸಿ, ಒಣಗಿದಾಗ ಒಳಗೆ ಅದರ ಲೇಪವೂ ಕೂರಬೇಕು. ಸಲಹೆ ಕೊಡಿ.

ಪೆರ್ಲ: ನನ್ನದು ಇನ್ನೂ ಕಷ್ಟದ್ದು. ಕೈಯಿಂದ 14,600 ರೂಪಾಯಿ ಹಾಕಿ ಪಿಡಿಎಂಎಸ್ ಕಿಟ್ ತರಿಸಿದೆ. ಮೂರು ಬ್ಯಾಚ್ ಅಂಟಂಟು. ದ್ರವ 10ಕ್ಕೆ ಗಟ್ಟಿ ಮಾಡುವ ದ್ರಾವಣ 1, ಅಳತೆ ಸರಿ, ಒವನ್ ಸರಿ. ನಾಲ್ಕನೇ ವಾರ ತಿಳಿಯಿತು, ಲ್ಯಾಟೆಕ್ಸ್ ಗ್ಲೌಸಿನ ಗಂಧಕ ಅದನ್ನು ಗಟ್ಟಿ ಮಾಡುವ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ ಅಂತ. ಅಪ್ಪನದು ರಬ್ಬರ್ ತೋಟ. ಮನೆಯಲ್ಲಿ ಈಗಲೂ ನಗುತ್ತಾರೆ.

ಜತ್ತ: ಗ್ಲೌಸಿನ ಪುರಾಣ ಯಾಕ್ರೀ? ದಪ್ಪ ನೋಡ್ರಿ. ದಪ್ಪ ಎರಡು ಪಟ್ಟಾದ್ರ ಬಿಗಿ ಎಂಟು ಪಟ್ಟು, ಮಡಚಾಕ ಹಾಳಿ ಉದ್ದ 2.8 ಪಟ್ಟು ಬೇಕು. ಇದು ತಿಳಿಯಾಕ ನನಗ ಒಂದು ಬ್ಯಾಸಗಿ ಹೋತು. ಏಪ್ರಿಲ್‌ನಾಗ ಕ್ಯಾಮೆರಾ ಹಚ್ಚೂದ್ರಾಗ ಹನಿ ಒಣಗತಿತ್ತು. ಬೋರಿನ ನೀರು ಹಾಕಿ ಉಪ್ಪಿನ ಬಿಳಿ ಬಳಿ ಬರಿಸ್ಕೊಂಡೆ. ಗರಗರ ತಿರುಗಿಸಿ ತೆಳು ಪದರ ಮಾಡೋ ಸ್ಪಿನ್ ಕೋಟರ್ ಇಲ್ಲಂತ 850 ರೂಪಾಯಿ ಮೋಟಾರ್ ಕಟ್ಟಿದ್ದೆ. ಗೋಡಿಗಿ ಸಿಡದ ಪಿಡಿಎಂಎಸ್ ಇನ್ನೂ ಹೋಗಿಲ್ಲ.

ತಾಳವಾಡಿ: ನಾನು ಚೌಕ ಮಾಡ್ದೆ. ತ್ರಿಕೋನಕ್ಕಿಂತ ಚಿಕ್ಕ ಅಳತೆಯಲ್ಲೇ ಮುಚ್ಚುತ್ತೆ, ಹನಿಯಿಂದ ಹಾಳೆ ಮಡಚೋ ಬಗ್ಗೆ 2007ರ ಪ್ಯಾರಿಸ್ ತಂಡದ ಪ್ರಬಂಧದಲ್ಲೇ ಇದೆ. ಆದ್ರೆ ಆಗಿದ್ದು ಕೊಳವೆ. ಗೈಡು "ಪಿರಮಿಡ್ ಎಲ್ಲಮ್ಮಾ?" ಅಂದ್ರು, ಮೂರು ತಿಂಗಳು ನೀರಿಗೆ ಹೋಯ್ತು. ಹನಿ ಚೆನ್ನಾಗಿ ಹರಡಲಿ ಅಂತ ಪಾತ್ರೆ ಸೋಪು ಒಂಚೂರು ಹಾಕ್ತಿದ್ದೆ.

ಜತ್ತ: ಸೋಪಾ! ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್ ಐತಿ, ಸೋಪು ಹಾಕಿದ್ರ ಅರ್ಧಕ್ಕ ಬರತೈತಿ. ಹಾಳಿ ಎಳಿಯೂದ ಅದು, ಅದನ್ನ ಕೊಂದು ಹಾಕಿದ್ರಿ. ಪಿವಿಎನೂ ಎಳೆತ ಇಳಸತೈತಿ.

ತಾಳವಾಡಿ: ಅರ್ಧ ಆದ್ರೂ ಹಾಳೆ 1.4 ಪಟ್ಟು ಉದ್ದ ಕತ್ತರಿಸಿದ್ರೆ ಸಾಕು. ಪಿವಿಎ ಹಾಕದೆ ಲೇಪ ಎಲ್ಲಿಂದ ಬರುತ್ತೆ, ಆಕಾಶದಿಂದಲಾ? ಮೊದಲು ನಿಮ್ಮ ಗೋಡೆ ಒರೆಸ್ಕೊಳ್ಳಿ.

ಪೆರ್ಲ: ಜಗಳ ಬೇಡ. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಪತ್ರೊಡೆ ಅಂತಲೇ ಹೆಸರು. ಸವರುವುದು, ಸುತ್ತುವುದು.

ಜತ್ತ: ಪತ್ರೊಡೆ ನೀವು ಕೈಲೆ ಸುತ್ತತೀರಿ. ಇಲ್ಲಿ ನೀರ ಸುತ್ತತೈತಿ.

ಬದಿಯಡ್ಕ: ಉದಾಹರಣೆಯೇ ತಪ್ಪು ಮಾರಾಯ್ರೆ. ಕೆಸುವಿನೆಲೆಯ ಮೇಲೆ ನೀರು ಅಂಟುವುದೇ ಇಲ್ಲ, ಉರುಳಿ ಹೋಗುತ್ತದೆ. ಹಿಟ್ಟು ಸವರುವುದೂ ಹಿಂಬದಿಗೆ.

ಪೆರ್ಲ: ಹಿಂಬದಿಗೆ ಅಂತ ನನಗೂ ಗೊತ್ತುಂಟು. ನಾನೇನು ಪೇಟೆಯವನಾ?

ಕುಂಬಳೆ: ದಯವಿಟ್ಟು, 5 ಮಿ.ಮೀ.ಗೆ ಎಷ್ಟು ಮೈಕ್ರಾನ್ ಇರಬೇಕು?

ಜತ್ತ: 40. ಇಷ್ಟೊತ್ತು ಅದನ್ನ ಹೇಳಾಕತ್ತೀನಿ. ಅದೂ ತ್ರಿಕೋನಕ್ಕ ಕಡೀ ಮಿತಿ, ಪಿವಿಎ ಬೆರಸಿದ್ರ ಒಂದೆರಡು ಮಿ.ಮೀ. ದೊಡ್ಡದು ಕತ್ತರಸ್ರಿ.

ಪೆರ್ಲ: ಹೇಳುವುದು ಸುಲಭ. 40ರ ಹಾಳೆ ಗಾಜಿನಿಂದ ಬಿಡಿಸುವಾಗ ನನ್ನದು ಹನ್ನೊಂದು ಹರಿದಿದೆ. ಉಳಿದ ಎರಡು ತಮ್ಮೊಳಗೇ ಅಂಟಿಕೊಂಡವು. ಆಮೇಲೆ ಟಾಲ್ಕಂ ಪೌಡರ್ ಉದುರಿಸಲು ಶುರು ಮಾಡಿದೆ.

ತಾಳವಾಡಿ: ಪೌಡರಾ? ಲೇಪಕ್ಕೆ ಪೌಡರ್ ಸೇರಿದ್ರೆ ಏನಾಗುತ್ತೆ ಗೊತ್ತಾ ನಿಮಗೆ?