ಅಪ್‌ಡೇಟ್: ಆರ್‌ಎಕ್ಸ್ 100 ಈಗ ಮೇಲಿನ ಸ್ಪೀಡಲ್ಲೂ ಎಳೀತಿದೆ

ಮೊದಲು ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ರಶ್ನೆ ಇದ್ದಿದ್ದು ಇಷ್ಟೇ: ಸೆಕೆಂಡ್ ಹ್ಯಾಂಡ್ ಯಮಹಾ ಆರ್‌ಎಕ್ಸ್ 100 ಬೈಕ್, ಸ್ಪೀಡ್ 60 ದಾಟಿದ್ರೆ ಎಳೆಯಲ್ಲ, ಐಡ್ಲಿಂಗ್ (ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡೋದು) ಒಂದೇ ಸಮ ನಿಲ್ಲಲ್ಲ, ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್ ಸೆಟ್) ಹಾಕಿಸಲಾ?

ಬೋರ್ ಕಿಟ್ ಬೇಕಾಗಲೇ ಇಲ್ಲ. ಮೊದಲು ಗಾಳಿ ಲೀಕ್ ನೋಡಿ ಅಂದಿದ್ರಲ್ಲ, ಅದೇ ಸರಿ. ಇಂಜಿನ್ ಐಡಲ್‌ನಲ್ಲಿ ಬಿಟ್ಟು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಮತ್ತು ಇಂಜಿನ್ ನಡುವಿನ ರಬ್ಬರ್ ಜಾಯಿಂಟ್ ಮೇಲೆ ಸ್ವಲ್ಪ ಕಾರ್ಬ್ ಕ್ಲೀನರ್ ಹೊಡೆದೆ. ತಕ್ಷಣ ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಬದಲಾಯ್ತು, ಅಂದ್ರೆ ಅಲ್ಲೇ ಲೀಕ್. ಬಿಚ್ಚಿ ಬಗ್ಗಿಸಿ ನೋಡಿದ್ರೆ ಕೆಳಗಡೆ ಕೂದಲೆಳೆಯಷ್ಟು ಸಣ್ಣ ಬಿರುಕು. ಸ್ಪಾರ್ಕ್ ಪ್ಲಗ್ ತುದಿ ಬೆಳ್ಳಗೆ ಸುಣ್ಣ ಬಳಿದ ಹಾಗಿತ್ತು. ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹೀಗೇ ಓಡಿಸಿದ್ರೆ ಇಂಜಿನ್ ಜಾಸ್ತಿ ಬಿಸಿಯಾಗಿ ಪಿಸ್ಟನ್ ಸೀಜ್ ಆಗೋ (ಸಿಲಿಂಡರ್‌ನಲ್ಲಿ ಕಚ್ಚಿಕೊಳ್ಳೋ) ಅಪಾಯ ಇದೆ.

ಹಳೇ ಓನರ್ ಏರ್ ಫಿಲ್ಟರ್ ಬಾಕ್ಸ್ ಕಿತ್ತು ಬಿಟ್ಟಿದ್ರು. ಅದನ್ನ ವಾಪಸ್ ಹಾಕಿದೆ, ಹೊಸ ರಬ್ಬರ್, ಕಂಪನಿ ಅಳತೆಯ ಮೇನ್ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಭಾಗ) ಕೂಡ ಹಾಕಿದೆ. ಸೈಲೆನ್ಸರ್ ಒಳಗಿನ ಪೈಪ್ ತುಂಬ ಕಾರ್ಬನ್ ಕಟ್ಟಿತ್ತು, ಅದನ್ನೂ ಕೆರೆದು ತೆಗೆದೆ. ಆಮೇಲೆ ಕಾರ್ಬೊರೇಟರ್‌ನ ಏರ್ ಸ್ಕ್ರೂ (ಐಡಲ್‌ನಲ್ಲಿ ಗಾಳಿ ಹೊಂದಿಸೋದು) ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಐಡಲ್ ಎಲ್ಲಿ ಏರುತ್ತೋ ಅಲ್ಲಿ ನಿಲ್ಲಿಸಿದೆ. ಇಂಜಿನ್ ಬಿಸಿ ಇದ್ದಾಗಲೇ ಮಾಡಬೇಕು ಇದನ್ನ.

ಈಗ ಪ್ಲಗ್ ಕಾಫಿ ಬಣ್ಣ. ಮೂರನೇ ಗೇರಲ್ಲಿ ಏರು ಹತ್ತೋವಾಗ ಆ ಎಳೆತ ಇದೆಯಲ್ಲ, ಅದಕ್ಕೇ ಅಲ್ವಾ ಈ ಗಾಡಿ ಇಟ್ಕೊಳ್ಳೋದು! ಮುಂದೆ ರೀಡ್ ವಾಲ್ವ್ ಪೆಟಲ್‌ಗಳನ್ನ (ಇಂಜಿನ್ ಒಳಗೆ ಹೋದ ಮಿಶ್ರಣ ವಾಪಸ್ ಬರದ ಹಾಗೆ ತಡೆಯೋ ತೆಳು ಪಟ್ಟಿಗಳು) ಬಿಚ್ಚಿ ನೋಡ್ತೀನಿ.