ಕರಂಡೆ ಉಪ್ಪಿನಕಾಯಿ ಮೆತ್ತಗಾಗದಂತೆ ಹಾಕೋದು ಹೇಗೆ?

ಬೆಂಗಳೂರಿನಿಂದ: ಮೇ ಕೊನೆಗೆ ಊರಿಗೆ ಹೋದಾಗ ಗುಡ್ಡೆಯಿಂದ ಎರಡು ಕಿಲೋ ಕರಂಡೆ (ಮುಳ್ಳಿನ ಪೊದೆಯಲ್ಲಿ ಬಿಡುವ ಹುಳಿ ಕಾಯಿ) ತಂದು ಉಪ್ಪಿನಕಾಯಿ ಹಾಕಿದೆ. ತಿಂಗಳೊಳಗೆ ಕಾಯಿ ಮೆತ್ತಗಾಯಿತು, ಮೇಲೆ ಬಿಳಿ ಪೊರೆ ಕಟ್ಟಿತು. ಅಜ್ಜಿ ಹಾಕಿದ್ದು ವರ್ಷವಿಡೀ ಇರುತ್ತಿತ್ತು. ಎಲ್ಲಿ ತಪ್ಪಿದೆ?

ಬಂಟ್ವಾಳದಿಂದ: ಮೇ ಕೊನೆ ಅಂದರೆ ತಡವಾಯಿತು. ಕಾಯಿಗೆ ಮಳೆ ಬಿದ್ದಿರಬೇಕು ಅಲ್ವಾ? ಮಳೆ ಕುಡಿದ ಕಾಯಿ ಉಪ್ಪಿನಲ್ಲಿ ನಿಲ್ಲುವುದಿಲ್ಲ. ನಾವು ಏಪ್ರಿಲ್‌ನಲ್ಲೇ, ಕಾಯಿ ಗಟ್ಟಿ ಹಸಿರಾಗಿರುವಾಗ ಕೊಯ್ಯುತ್ತೇವೆ. ಒಂದು ಪಕ್ಕ ಕೆಂಪು ತಿರುಗಿದ್ದನ್ನೂ ಭರಣಿಗೆ ಹಾಕುವುದಿಲ್ಲ. ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ತೊಟ್ಟು ಮುರಿದ ಕೂಡಲೇ ಹಾಲು ಒಸರುತ್ತದೆ, ಆ ಅಂಟು ಸೋಪಿಗೆ ಬಿಡುವುದಿಲ್ಲ. ಎರಡು ಮೂರು ನೀರಲ್ಲಿ ತೊಳೆದು, ಒಂದೊಂದೇ ಒರೆಸಿ, ರಾತ್ರಿಯಿಡೀ ಬಟ್ಟೆ ಮೇಲೆ ಹರಡಿಡಿ. ಇದಕ್ಕೆ ಬೇಸರ ಮಾಡಬೇಡಿ. ತೊಟ್ಟು ಕಿತ್ತ ಗುಳಿಯಲ್ಲಿ ಒಂದು ಹನಿ ನೀರು ಕೂತಿರುತ್ತದೆ, ಕೆಡಿಸುವುದು ಅದೇ. ಕಿಲೋ ಕಾಯಿಗೆ ಕಾಲು ಕಿಲೋ ಕಲ್ಲುಪ್ಪು. ಒಂದು ಪದರ ಕಾಯಿ, ಒಂದು ಪದರ ಉಪ್ಪು. ಬಿಟ್ಟ ನೀರು ಸಾಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ಉಪ್ಪುನೀರು ಹಾಕಿ. ಕಾಯಿ ಮುಳುಗಲೇಬೇಕು, ಮೇಲೆ ಶುಚಿಯಾದ ಕಲ್ಲು ಹೇರಿಡಿ. ಮೂರು ವಾರ ಕಳೆದು ಮೆಣಸು, ಸಾಸಿವೆ, ಇಂಗಿನ ಮಸಾಲೆ ಕಲಸಿ. ಪೊರೆ ಕಟ್ಟಿದ್ದನ್ನು ಉಳಿಸಲು ಹೋಗಬೇಡಿ, ಚೆಲ್ಲಿಬಿಡಿ.

ಕುಮಟಾದಿಂದ: ನಮ್ಮ ಕಡೆ ಇದು ಕವಳಿ. ಕೆಂಪಾದದ್ದನ್ನು ಸುಮ್ನೆ ಬಿಸಾಡಬೇಡಿ, ಬೆಲ್ಲ ಹಾಕಿ ಕುದಿಸಿ. ಪೆಕ್ಟಿನ್ ಎಂಬ ಗಟ್ಟಿಮಾಡುವ ಅಂಶ ಜಾಸ್ತಿ ಇರುವುದರಿಂದ ಜಾಮ್ ತಾನಾಗಿ ಗಟ್ಟಿಯಾಗುತ್ತದೆ. ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಬೀಜ ತೆಗೆದು, ಬಣ್ಣ ಕೊಟ್ಟು, ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಯೇ. ಕಪ್ಪಾದ ಹಣ್ಣು ಮಾತ್ರ ಗಿಡದ ಬುಡದಲ್ಲೇ ನಿಂತು ತಿನ್ನಬೇಕು. ತುಟಿಗೆ ಅಂಟಿದರೆ ಅದಕ್ಕೂ ತೆಂಗಿನೆಣ್ಣೆಯೇ ಮದ್ದು.

ಕಾರ್ಕಳದಿಂದ: ಒಂದು ಮಾತು ಸೇರಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಲಂಗಕ್ಕೆ ಮುಳ್ಳು ಸಿಕ್ಕಿಸಿಕೊಂಡು ಕರಂಡೆ ಕೊಯ್ಯುತ್ತಿದ್ದ ಮುರಕಲ್ಲಿನ ಪದವು (ಗುಡ್ಡದ ಮೇಲಿನ ಕೆಂಪು ಕಲ್ಲಿನ ಬಯಲು) ಈಗ ಕಲ್ಲು ಕಡಿಯುವ ಕೋರೆ. ಒಂದು ಪೊದೆಯೂ ಉಳಿದಿಲ್ಲ. ಅದನ್ನು ನೋಡಿದಾಗ ಅಳು ಬಂತು. ಹಾಗಾಗಿ ನಾಲ್ಕು ವರ್ಷದ ಹಿಂದೆ ಬೇಲಿ ಬದಿಗೆ ಬೀಜ ಹಾಕಿದೆ. ಪೂರ್ತಿ ಹಣ್ಣಾದದ್ದರ ಬೀಜ ತೆಗೆದು ಅವತ್ತೇ ಊರಬೇಕು, ಒಣಗಿಸಿಟ್ಟರೆ ಹುಟ್ಟುವುದು ಕಷ್ಟ. ಮೊದಲ ವರ್ಷದ ಬೇಸಿಗೆಗೆ ನೀರು ಕೊಟ್ಟೆ, ಆಮೇಲೆ ಅದರ ಪಾಡಿಗೆ ಬೆಳೆಯಿತು. ಈ ಸಲ ಮಲ್ಲಿಗೆಯಂಥ ಬಿಳಿ ಹೂ ಬಿಟ್ಟು ಎರಡು ಸೇರು ಕಾಯಿ ಸಿಕ್ಕಿತು. ಮುಂದಿನ ಸಲ ಊರಿಗೆ ಬಂದಾಗ ಹೇಳಿ, ಹಣ್ಣು ತೆಗೆದಿಟ್ಟಿರುತ್ತೇನೆ.